ಯಾರಿಗೆ ಮೊದಲು ಚಿಕಿತ್ಸೆ: ಕೈ ಎತ್ತಿಸಿ ಕೇಳಿದರೆ ಸಾಕೇ?

ಓದುಗರ ಪ್ರಶ್ನೆ: ಒಂದೇ ಡೋಸ್‌ಗೆ ಇಪ್ಪತ್ತು ಲಕ್ಷ ಡಾಲರ್ ಮೀರುವ ಔಷಧಕ್ಕಾಗಿ ಕಾಯುತ್ತಿರುವ ಮಗುವಿನ ಸುದ್ದಿ ಓದಿದೆ. ಅಷ್ಟು ಹಣದಲ್ಲಿ ಸಾವಿರಾರು ಮಕ್ಕಳಿಗೆ ಲಸಿಕೆ ಹಾಕಬಹುದಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ನಮ್ಮ ಗುಂಪಿನಲ್ಲಿ ಕೈ ಎತ್ತಿಸಿ ಕೇಳಿದೆವು. ಹೆಚ್ಚಿನವರು ಆ ಮಗುವಿನ ಪರ ನಿಂತರು. ಸಿಗರೇಟು, ಕುಡಿತದಿಂದ ಕಾಯಿಲೆ ತಂದುಕೊಂಡವರು ಮಾತ್ರ ಸಾಲಿನ ಕೊನೆಗೆ ಹೋಗಲಿ ಎಂದರು. ತೆರಿಗೆ ಕಟ್ಟುವವರು ನಾವು, ಕಾಯಿಲೆ ಬೀಳುವವರೂ ನಾವು. ಇಂಥ ತೀರ್ಮಾನವನ್ನು ಪರಿಣತರು ಬಾಗಿಲು ಹಾಕಿಕೊಂಡು ಮಾಡುವ ಬದಲು ಜನಮತಕ್ಕೆ ಬಿಡುವುದು ಹೆಚ್ಚು ನ್ಯಾಯವಲ್ಲವೇ?

ಉತ್ತರ: ನಿಮ್ಮ ಗುಂಪು ಒಂದೇ ಸಂಜೆಯಲ್ಲಿ ಎರಡು ತೀರ್ಪು ಕೊಟ್ಟಿದೆ. ಮಗುವಿನ ಮಾತು ಬಂದಾಗ ‘ಲೆಕ್ಕ ನೋಡಬೇಡಿ’ ಎಂದಿತು, ಕುಡುಕನ ಮಾತು ಬಂದಾಗ ‘ಲೆಕ್ಕ ಕೇಳಿ’ ಎಂದಿತು. ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಈ ಪ್ರಶ್ನೆಯನ್ನು ಕೇಳಿದ ಬೇರೆ ಬೇರೆ ದೇಶಗಳಲ್ಲಿ ಮೊದಲ ಏಟಿಗೆ ಹೆಚ್ಚುಕಡಿಮೆ ಇದೇ ಉತ್ತರ ಬಂದಿದೆ. ಆ ಮೊದಲ ಏಟಿನ ಉತ್ತರವನ್ನೇ ಜನಮತ ಎಂದು ಕರೆಯಬಹುದೇ ಎಂಬುದು ನನ್ನ ತಕರಾರು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವುದು ಒಬ್ಬನೇ ಮಲಗಿದ್ದಾಗ ಒಳ್ಳೆಯ ಬುದ್ಧಿಮಾತು. ಒಂದು ಹಾಸಿಗೆಯಲ್ಲಿ ಹತ್ತು ಮಂದಿ ಮಲಗಿದ್ದರೆ ಪ್ರಶ್ನೆಯೇ ಬೇರೆ: ಯಾರ ಕಾಲು ಚಳಿಗೆ ಹೊರಗಿರಬೇಕು? ಆರೋಗ್ಯಕ್ಕೆ ಸಾರ್ವಜನಿಕ ಹಣ ಖರ್ಚು ಮಾಡುವ ಎಲ್ಲ ದೇಶಗಳೂ ಈ ಪ್ರಶ್ನೆಗೆ ದಿನವೂ ಉತ್ತರ ಕೊಡುತ್ತಿವೆ. ಕೆಲವು ಬಾಯಿಬಿಟ್ಟು ಹೇಳುತ್ತವೆ. ಉಳಿದ ಕಡೆ ಉದ್ದನೆಯ ಸರದಿ, ಮುಗಿದುಹೋದ ದಾಸ್ತಾನು, ‘ಮುಂದಿನ ತಿಂಗಳು ಬನ್ನಿ’ ಎಂಬ ಮಾತು ಆ ಕೆಲಸ ಮಾಡುತ್ತವೆ.

ಸಾಮಾನ್ಯ ಜನರ ಕೈಗೇ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ತೋಳಿನ ರಕ್ತನಾಳಕ್ಕೆ ಶಾಶ್ವತವಾಗಿ ಕೂರಿಸುವ ಕೊಳವೆಯೊಂದನ್ನು ರೂಪಿಸಿದರು. ಮೂತ್ರಪಿಂಡ ಪೂರ್ತಿ ಸೋತವರೂ ಡಯಾಲಿಸಿಸ್‌ನಿಂದ ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟು, ಬೇಕಾದವರು ಲೆಕ್ಕವಿಲ್ಲದಷ್ಟು. ವೈದ್ಯಕೀಯವಾಗಿ ಅರ್ಹರಾದವರಲ್ಲಿ ಯಾರಿಗೆ ಯಂತ್ರ ಎಂದು ಆರಿಸಲು ಏಳು ಜನರ ಸಮಿತಿ ಮಾಡಿದರು: ವಕೀಲ, ಪಾದ್ರಿ, ಬ್ಯಾಂಕರ್, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ನಾಯಕ, ಶಸ್ತ್ರವೈದ್ಯ. ಅವರ ಹೆಸರು ಗುಟ್ಟಾಗಿತ್ತು. ಅವರು ನೋಡಿದ್ದೇನು? ಮದುವೆಯಾಗಿದೆಯೇ, ಎಷ್ಟು ಮಕ್ಕಳು, ಸಂಪಾದನೆ ಎಷ್ಟು, ಚರ್ಚಿಗೆ ಹೋಗುತ್ತಾರೆಯೇ, ಸಮಾಜಕ್ಕೆ ಎಷ್ಟು ಉಪಯೋಗ. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬಯಲಿಗೆ ತಂದಾಗ ದೇಶವೇ ಬೆಚ್ಚಿತು. ‘ದೇವರ ಸಮಿತಿ’ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು. ಆ ಏಳು ಮಂದಿ ಕೆಟ್ಟವರಾಗಿರಲಿಲ್ಲ. ಕೈಯಲ್ಲಿ ಯಾವ ತತ್ವವೂ ಇಲ್ಲದೆ ಮನುಷ್ಯರ ಬೆಲೆ ಕಟ್ಟಲು ಕೂರಿಸಿದರೆ ಯಾರಾದರೂ ತಮ್ಮಂಥವರನ್ನೇ ಆರಿಸುತ್ತಾರೆ, ಅಷ್ಟೇ. ಕೊನೆಗೆ 1972ರಲ್ಲಿ ಅಮೆರಿಕದ ಸಂಸತ್ತು ಮೂತ್ರಪಿಂಡ ಸೋತ ಬಹುತೇಕ ಎಲ್ಲರ ಡಯಾಲಿಸಿಸ್ ಖರ್ಚನ್ನೂ ಸರ್ಕಾರದ ಮೇಲೆ ಹಾಕಿಕೊಂಡು ಈ ಮುಜುಗರದಿಂದ ಪಾರಾಯಿತು. ಆಯ್ಕೆಯ ಕಷ್ಟವನ್ನು ಹಣ ಕೊಟ್ಟು ತಪ್ಪಿಸಿಕೊಂಡ ಅಪರೂಪದ ಪ್ರಸಂಗ ಅದು.

ಇನ್ನೊಂದು ಕಥೆ ಆರೆಗಾನ್ ರಾಜ್ಯದ್ದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಪ್ರಯೋಗ ನನಗೆ ಗೊತ್ತಿಲ್ಲ. 1987ರಲ್ಲಿ ಆ ರಾಜ್ಯ, ಬಡವರ ಆರೋಗ್ಯ ಯೋಜನೆಯಲ್ಲಿ ಅಂಗಾಂಗ ಕಸಿಗೆ ಹಣ ಕೊಡುವುದನ್ನು ನಿಲ್ಲಿಸಿತು. ಕೆಲವೇ ಕಸಿಗಳಿಗೆ ಹೋಗುವ ಹಣದಿಂದ ಎಷ್ಟೋ ಗರ್ಭಿಣಿಯರ, ಮಕ್ಕಳ ಆರೈಕೆ ಮಾಡಬಹುದು ಎಂಬುದು ವಾದ. ನಿಮ್ಮ ಗೆಳೆಯರ ಲಸಿಕೆಯ ವಾದವೇ. ಅದೇ ವರ್ಷದ ಕೊನೆಗೆ, ಅಸ್ಥಿಮಜ್ಜೆ ಕಸಿ ಬೇಕಿದ್ದ ಏಳು ವರ್ಷದ ಹುಡುಗನೊಬ್ಬ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ಮುಖ ಟಿವಿಯಲ್ಲಿ ಬಂತು. ಆರೈಕೆ ಸಿಕ್ಕಿದ ಗರ್ಭಿಣಿಯರ ಮುಖ ಎಲ್ಲೂ ಬರಲಿಲ್ಲ.

ಆ ಗದ್ದಲದಿಂದ ರಾಜ್ಯ ಒಂದು ದಿಟ್ಟ ತೀರ್ಮಾನಕ್ಕೆ ಬಂತು: ಎಲ್ಲ ಚಿಕಿತ್ಸೆಗಳನ್ನೂ ಸಾಲಾಗಿ ಜೋಡಿಸೋಣ, ಜನರನ್ನೇ ಕೇಳೋಣ, ಹಣ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಗೆರೆ ಎಳೆಯೋಣ. ನಲವತ್ತೇಳು ಊರ ಸಭೆಗಳು ನಡೆದವು. ಸಾವಿರದಷ್ಟು ಜನರಿಗೆ ಫೋನ್ ಮಾಡಿ, ಇಂತಿಂಥ ತೊಂದರೆಯೊಂದಿಗೆ ಬದುಕುವುದು ನಿಮ್ಮ ಲೆಕ್ಕದಲ್ಲಿ ಎಷ್ಟು ಅಂಕ ಎಂದು ಕೇಳಿದರು. ಆ ಅಂಕಗಳನ್ನೂ ಖರ್ಚನ್ನೂ ಕಂಪ್ಯೂಟರಿಗೆ ಹಾಕಿದಾಗ 1990ರಲ್ಲಿ ಮೊದಲ ಪಟ್ಟಿ ಹೊರಬಂತು. ಅದರಲ್ಲಿ ಹುಳುಕು ಹಲ್ಲಿಗೆ ಕ್ಯಾಪ್ ಕೂರಿಸುವುದು ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗಿಂತ ಮೇಲಿತ್ತು!

ಗಣಿತದಲ್ಲಿ ತಪ್ಪಿರಲಿಲ್ಲ. ಒಂದು ಆಪರೇಷನ್ನಿನ ಖರ್ಚಿನಲ್ಲಿ ನೂರಕ್ಕೂ ಹೆಚ್ಚು ಹಲ್ಲುಗಳಿಗೆ ಕ್ಯಾಪ್ ಕೂರಿಸಬಹುದು. ನೂರು ಜನರ ಸಣ್ಣ ನೆಮ್ಮದಿ ಕೂಡಿಸಿದರೆ ಒಬ್ಬನ ಪ್ರಾಣವನ್ನು ಮೀರಿಸುತ್ತದೆ ಎಂದು ಯಂತ್ರ ಹೇಳಿತು. ಮನುಷ್ಯರು ಒಪ್ಪಲಿಲ್ಲ. ಪಟ್ಟಿ ಮಾಡಲು ರಾಜ್ಯ ನೇಮಿಸಿದ್ದ ಆಯೋಗ ಅದನ್ನು ಬದಿಗಿಟ್ಟು ಬೇರೆಯದನ್ನು ಮಾಡಿತು. ಸಾವಿನಿಂದ ಪಾರುಮಾಡುವ ಚಿಕಿತ್ಸೆಗಳು ಮೇಲೆ ಹೋದವು. ನನ್ನ ಪ್ರಕಾರ ಆರೆಗಾನ್‌ನಲ್ಲಿ ಜನಾಭಿಪ್ರಾಯ ಸರಿಯಾಗಿ ಕೆಲಸ ಮಾಡಿದ್ದು ಇದೊಂದೇ ಕ್ಷಣದಲ್ಲಿ. ಫೋನಿನಲ್ಲಿ ಅಂಕ ಕೊಟ್ಟಾಗ ಹೊರಬರದ ಮಾತು, ಅಂಕಗಳ ಫಲವನ್ನು ಕಣ್ಣಾರೆ ಕಂಡಾಗ ಹೊರಬಂತು.

ಎಡವಟ್ಟು ಅಲ್ಲಿಗೇ ಮುಗಿಯಲಿಲ್ಲ. ಬಡವರ ಯೋಜನೆಯ ಬಗ್ಗೆ ಚರ್ಚಿಸಲು ಕರೆದ ಸಭೆಗಳಲ್ಲಿ ಹೆಚ್ಚಿನವರು ಆರೋಗ್ಯ ಕ್ಷೇತ್ರದ ನೌಕರರೇ ಆಗಿದ್ದರು. ಆ ಯೋಜನೆಯನ್ನು ನಂಬಿ ಬದುಕುವವರು ತೀರಾ ಕಡಿಮೆ. 1992ರಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ತಿರಸ್ಕರಿಸಿತು. ಕಾರಣ ಗಮನಿಸಿ: ಗಾಲಿಕುರ್ಚಿಯ ಬದುಕಿಗೆ ಅಂಕ ಕೊಟ್ಟವರಲ್ಲಿ ಹೆಚ್ಚಿನವರು ಗಾಲಿಕುರ್ಚಿಯಲ್ಲಿ ಇರುವವರಲ್ಲ. ಹೊರಗಿನವರು ಊಹಿಸಿ ಕೊಡುವ ಅಂಕ, ಅಂಗವೈಕಲ್ಯದೊಂದಿಗೇ ಬದುಕುವವರು ಕೊಡುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಬಹುಮತದ ಊಹೆಯಿಂದ ಅಲ್ಪಸಂಖ್ಯಾತರ ಬದುಕಿನ ಬೆಲೆ ಇಳಿಯುವುದು ತಾರತಮ್ಯ ಎಂಬ ಆಕ್ಷೇಪ ಗೆದ್ದಿತು. ತಿದ್ದಿದ ಪಟ್ಟಿ 1994ರಲ್ಲಿ ಜಾರಿಗೆ ಬಂದಾಗ ಒಟ್ಟು 696 ಸಾಲುಗಳಿದ್ದವು, ಗೆರೆ 565ಕ್ಕೆ ಬಿತ್ತು.

ಈಗ ಜನರಿಗೆ ನಿಜಕ್ಕೂ ಏನು ಬೇಕು ಎಂಬ ವಿಷಯ. ಆರೋಗ್ಯ ಅರ್ಥಶಾಸ್ತ್ರಜ್ಞರ ಮೆಚ್ಚಿನ ಅಳತೆಗೋಲಿಗೆ ‘ಕ್ವಾಲಿ’ ಎನ್ನುತ್ತಾರೆ: ಒಂದು ಚಿಕಿತ್ಸೆಯಿಂದ ಎಷ್ಟು ವರ್ಷ ಆಯುಸ್ಸು ಸಿಗುತ್ತದೆ, ಆ ವರ್ಷಗಳ ಗುಣಮಟ್ಟ ಹೇಗಿರುತ್ತದೆ ಎಂಬೆರಡನ್ನೂ ಗುಣಿಸಿದ ಲೆಕ್ಕ. ಕಡಿಮೆ ಹಣಕ್ಕೆ ಹೆಚ್ಚು ಕ್ವಾಲಿ ಸಿಗುವ ಕಡೆ ಖರ್ಚು ಮಾಡು ಎನ್ನುವುದು ಸರಳ ಸೂತ್ರ. ನಾನೂ ಈ ಲೆಕ್ಕದ ಪಂಗಡದವನೇ, ವರ್ಷಗಳಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ. ಆದರೂ ಜನ ಈ ಸೂತ್ರವನ್ನು ಅರ್ಧವಷ್ಟೇ ಒಪ್ಪುತ್ತಾರೆ ಎಂಬುದನ್ನು ಒಪ್ಪಿಕೊಳ್ಳಬೇಕು.

1996ರಲ್ಲಿ ಅಮೆರಿಕದಲ್ಲಿ ಪೀಟರ್ ಯುಬೆಲ್ ಮತ್ತು ಸಂಗಡಿಗರು ಕೇಳಿದ ಪ್ರಶ್ನೆಯನ್ನು ನಿಮ್ಮ ಗುಂಪಿಗೂ ಕೇಳಿ ನೋಡಿ. ಕರುಳಿನ ಕ್ಯಾನ್ಸರ್ ಪತ್ತೆಗೆ ಎರಡು ಪರೀಕ್ಷೆಗಳಿವೆ. ಅಗ್ಗದ್ದನ್ನು ಎಲ್ಲರಿಗೂ ಮಾಡಬಹುದು, 1000 ಜೀವ ಉಳಿಯುತ್ತದೆ. ದುಬಾರಿಯದನ್ನು ಇರುವ ಹಣದಲ್ಲಿ ಅರ್ಧ ಜನರಿಗಷ್ಟೇ ಮಾಡಲು ಸಾಧ್ಯ, ಆದರೆ 1100 ಜೀವ ಉಳಿಯುತ್ತದೆ. ಯಾವುದನ್ನು ಆರಿಸುತ್ತೀರಿ? ನ್ಯಾಯದರ್ಶಿ ಮಂಡಳಿಗೆ ಕರೆಸಿದ್ದ ಸಾಮಾನ್ಯ ನಾಗರಿಕರಲ್ಲಿ ಶೇ 56 ಮಂದಿ ಅಗ್ಗದ ಪರೀಕ್ಷೆಯೇ ಇರಲಿ ಎಂದರು. ವೈದ್ಯಕೀಯ ನೀತಿಶಾಸ್ತ್ರದ ಪಂಡಿತರಲ್ಲೂ ಶೇ 53 ಅದನ್ನೇ ಹೇಳಿದರು. ಇಂಥ ಲೆಕ್ಕಾಚಾರವೇ ಕಸುಬಾದ ಪರಿಣತರಲ್ಲೂ ಶೇ 41. ನೂರು ಜೀವ ಕಡಿಮೆ ಉಳಿದರೂ ಸರಿ, ಪಂಕ್ತಿಭೇದ ಬೇಡ ಎಂಬ ತೀರ್ಮಾನ ಇದು. ಇದನ್ನು ಅಜ್ಞಾನ ಎಂದು ತಳ್ಳಿಹಾಕಲು ನನ್ನ ಸಹೋದ್ಯೋಗಿಗಳು ಕೆಲವರು ಇಂದಿಗೂ ಹವಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಟ್ಟುಹೋದ ಅರ್ಧದಲ್ಲಿ ತಾನಿದ್ದರೆ ಎಂದು ಯೋಚಿಸುವವರಿಗೆ ‘ಒಟ್ಟು ಮೊತ್ತ ಹೆಚ್ಚಾಯಿತಲ್ಲ’ ಎಂಬುದು ಸಮಾಧಾನವಾಗದು.

ನಾರ್ವೆಯ ಎರಿಕ್ ನೂರ್ಡ್ ಮತ್ತಿತರರು ಆಸ್ಟ್ರೇಲಿಯಾದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಇನ್ನೊಂದು ಮುಖ ಕಂಡಿತು. ತೀವ್ರವಾಗಿ ನರಳುವವನಿಗೆ ಸ್ವಲ್ಪವೇ ಸುಧಾರಣೆ ಆಗುವುದಾದರೂ, ಸಾಧಾರಣ ಕಾಯಿಲೆಯವನಿಗಿಂತ ಅವನಿಗೇ ಮೊದಲು ಎಂದು ಜನ ಹೇಳುತ್ತಾರೆ. ಕಷ್ಟದ ತೀವ್ರತೆಗೆ ತನ್ನದೇ ತೂಕವಿದೆ ಎಂಬ ಈ ಮಾತು ಈಗ ಹಲವು ದೇಶಗಳ ನಿಯಮಗಳೊಳಗೆ ಸೇರಿದೆ. ಇಂಗ್ಲೆಂಡಿನಲ್ಲಿ ಔಷಧಗಳನ್ನು ತೂಗಿ ನೋಡುವ ನೈಸ್ ಸಂಸ್ಥೆ ಬಹುಕಾಲ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಎಂಬ ಅಂದಾಜಿನ ಮಿತಿ ಇಟ್ಟುಕೊಂಡಿತ್ತು. 2022ರಿಂದ ತೀವ್ರ ಕಾಯಿಲೆಗಳಿಗೆ ಹೆಚ್ಚಿನ ತೂಕ ಕೊಡುವ ಲೆಕ್ಕ ತಂದಿದೆ.

ವಯಸ್ಸಿನ ಪ್ರಶ್ನೆ ಇನ್ನೂ ಸೂಕ್ಷ್ಮ. 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ ಜೀವಕ್ಕೆ ಕುತ್ತಾದ ಕಾಯಿಲೆಯ ಮಕ್ಕಳು ಪಟ್ಟಿಯ ತುದಿಯಲ್ಲಿದ್ದರು, ಅಂಥದೇ ಕಾಯಿಲೆಯ 75 ದಾಟಿದವರು ತಳದಲ್ಲಿ. ಅಲನ್ ವಿಲಿಯಮ್ಸ್ ಎಂಬ ಅರ್ಥಶಾಸ್ತ್ರಜ್ಞರು ಮರುವರ್ಷ ಇದಕ್ಕೆ ಕ್ರಿಕೆಟ್ ಭಾಷೆಯ ಸಮರ್ಥನೆ ಕೊಟ್ಟರು: ಎಲ್ಲರಿಗೂ ಒಂದು ನ್ಯಾಯವಾದ ಇನಿಂಗ್ಸ್ ಸಿಗಬೇಕು, ಅದನ್ನು ಆಡಿ ಮುಗಿಸಿದವರು ಆಡದವರಿಗೆ ಕ್ರೀಸ್ ಬಿಟ್ಟುಕೊಡಬೇಕು. ಕೇಳಲು ಚೆನ್ನಾಗಿದೆ. ಆದರೆ ನಾರ್ವೆಯಲ್ಲಿ 2014ರಲ್ಲಿ ತಜ್ಞರ ಆಯೋಗವೊಂದು ಇಡೀ ಬದುಕಿನಲ್ಲಿ ಎಷ್ಟು ಆರೋಗ್ಯ ನಷ್ಟವಾಗಿದೆ ಎಂಬುದನ್ನು ಮಾನದಂಡ ಮಾಡೋಣ ಎಂದಾಗ, ಇದು ಮುದುಕರನ್ನು ಹಿಂದೆ ತಳ್ಳುವ ಉಪಾಯ ಎಂಬ ಟೀಕೆ ಬಂತು. ಮರುವರ್ಷ ಇನ್ನೊಂದು ತಂಡ ‘ತೀವ್ರತೆ’ ಎಂಬ ಮಾನದಂಡ ತಂದಿತು, ಅಂದರೆ ಕಾಯಿಲೆಯಿಂದ ಮುಂದೆ ಎಷ್ಟು ಒಳ್ಳೆಯ ವರ್ಷ ಕೈಬಿಡುತ್ತವೆ ಎಂಬ ಲೆಕ್ಕ; 2016ರಲ್ಲಿ ಸಂಸತ್ತು ಒಪ್ಪಿತು. ತಮಾಷೆಯೆಂದರೆ ಹೊಸ ಲೆಕ್ಕದಲ್ಲೂ ಸಾಮಾನ್ಯವಾಗಿ ಎಳೆಯರ ಕಡೆಗೇ ತಕ್ಕಡಿ ವಾಲುತ್ತದೆ. ಆದರೂ ಅದು ಬರೀ ಹೆಸರಿನ ಬದಲಾವಣೆ ಅಲ್ಲ. ಮುಂದೆ ಇನ್ನೆಷ್ಟು ಕಳೆದುಕೊಳ್ಳುತ್ತೀಯ ಎಂದು ಕೇಳುವುದಕ್ಕೂ, ನೀನು ಸಾಕಷ್ಟು ಬದುಕಿದ್ದೀಯ ಎಂದು ಹೇಳುವುದಕ್ಕೂ ಕೇಳುವವನ ಕಿವಿಯಲ್ಲಿ ಬಹಳ ಅಂತರವಿದೆ. ಕೋವಿಡ್ ಲಸಿಕೆ ಬಂದಾಗ ಹೆಚ್ಚಿನ ದೇಶಗಳು ವಯಸ್ಸಾದವರನ್ನೇ ಮೊದಲ ಸಾಲಿನಲ್ಲಿ ನಿಲ್ಲಿಸಿದ್ದು ನೆನಪಿರಬಹುದು. ಸಾವಿನ ಅಪಾಯ ಅವರಿಗೇ ಹೆಚ್ಚಿತ್ತು. ಅಂದರೆ ‘ಮಕ್ಕಳು ಮೊದಲು’ ಎನ್ನುವುದು ಎಲ್ಲ ಕಾಲಕ್ಕೂ ಸಲ್ಲುವ ನಿಯಮವಾಗಿ ಜನರ ಮನಸ್ಸಿನಲ್ಲೂ ಇಲ್ಲ.

ಇನ್ನು ನಿಮ್ಮ ಗುಂಪಿನ ಎರಡನೆಯ ತೀರ್ಪು, ‘ಮಾಡಿದ್ದುಣ್ಣೋ ಮಹಾರಾಯ’. 1999ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಪಾಲ್ ಡೋಲನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಚಿಕ್ಕದು, ಆದರೆ ನನಗೆ ಬಹಳ ಮುಖ್ಯ. ಅರವತ್ತು ಜನರನ್ನು ಹತ್ತು ಗುಂಪು ಮಾಡಿ, ಎರಡು ವಾರಗಳ ಅಂತರದಲ್ಲಿ ಎರಡು ಸಲ ಕೂರಿಸಿ ಮಾತಾಡಿಸಿದರು. ಮೊದಲು ಕೇಳಿದಾಗ ಸುಮಾರು ಅರ್ಧದಷ್ಟು ಜನ ಧೂಮಪಾನಿಗಳಿಗೆ, ಮಿತಿಮೀರಿ ಕುಡಿಯುವವರಿಗೆ, ಮಾದಕವಸ್ತು ಸೇವಿಸುವವರಿಗೆ ಆದ್ಯತೆ ಕಡಿಮೆ ಮಾಡಬೇಕು ಎಂದಿದ್ದರು. ಮಾತುಕತೆ ಮುಗಿಯುವ ಹೊತ್ತಿಗೆ ಅವರಲ್ಲಿ ಅನೇಕರು ಆ ನಿಲುವು ಬಿಟ್ಟಿದ್ದರು. ಯಾರೂ ಅವರಿಗೆ ಉಪದೇಶ ಮಾಡಿರಲಿಲ್ಲ.

ನನ್ನ ತರಗತಿಯಲ್ಲೂ ಇದೇ ನಡೆಯುವುದನ್ನು ಕಂಡಿದ್ದೇನೆ. ಮೊದಲ ಹತ್ತು ನಿಮಿಷ ಎಲ್ಲರೂ ನ್ಯಾಯಾಧೀಶರು. ಆಮೇಲೆ ಯಾರೋ ಒಬ್ಬರು ‘ಹಾಗಾದರೆ ಹೆಲ್ಮೆಟ್ ಹಾಕದೆ ಬಿದ್ದವನು?’ ಎನ್ನುತ್ತಾರೆ. ಇನ್ನೊಬ್ಬರು ‘ವ್ಯಾಯಾಮ ಮಾಡದೆ ಹೃದಯಾಘಾತ ಆದವನು?’ ಎನ್ನುತ್ತಾರೆ. ಅಪ್ಪನ ಕುಡಿತವನ್ನು ಹತ್ತಿರದಿಂದ ಕಂಡ ಯಾರೋ ಒಬ್ಬರು ಅಲ್ಲಿಯವರೆಗೆ ಸುಮ್ಮನಿದ್ದು ಮಾತು ತೆಗೆಯುತ್ತಾರೆ. ಚಟ ಯಾವ ವಯಸ್ಸಿನಲ್ಲಿ, ಯಾವ ಮನೆಯಲ್ಲಿ ಹತ್ತುತ್ತದೆ ಎಂಬ ವಿಷಯ ಬರುತ್ತದೆ. ಶಿಕ್ಷೆಯ ಆವೇಶ ಇಳಿದ ಮೇಲೆ ಉಳಿಯುವ ಮಾತು ಸಾಮಾನ್ಯವಾಗಿ ಇಷ್ಟು: ಕುಡಿತ ಮುಂದುವರಿದರೆ ಕಸಿ ಮಾಡಿದ ಲಿವರ್ ಹಾಳಾಗುವುದಾದರೆ ಅದನ್ನು ಗಣಿಸಿ, ಹಿಂದೆ ಕುಡಿದಿದ್ದಕ್ಕೆ ದಂಡ ಹಾಕಬೇಡಿ. ಮೊದಲನೆಯದು ಚಿಕಿತ್ಸೆಯ ಫಲದ ಲೆಕ್ಕ, ಎರಡನೆಯದು ತಪ್ಪಿನ ಲೆಕ್ಕ. ಕೈ ಎತ್ತಿಸಿದಾಗ ಇವೆರಡೂ ಒಂದೇ ಕೈಯಲ್ಲಿ ಬೆರೆತುಹೋಗಿರುತ್ತವೆ.

ಯಾರ್ಕ್ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಚರ್ಚೆಯ ನಂತರ ಆ ಸಾಮಾನ್ಯ ಜನರು ತಮ್ಮ ಅಭಿಪ್ರಾಯವೇ ಆದ್ಯತೆಗಳನ್ನು ತೀರ್ಮಾನಿಸಬೇಕು ಎನ್ನಲು ಮೊದಲಿಗಿಂತ ಹೆಚ್ಚು ಹಿಂಜರಿದರು. ಆಡಳಿತ ನಡೆಸುವವರ ಬಗ್ಗೆ ಅವರ ಸಹಾನುಭೂತಿ ಹೆಚ್ಚಾಯಿತು.

ಪ್ರಶ್ನೆಯ ಪದಗಳೇ ಉತ್ತರವನ್ನು ತಿರುಗಿಸಬಲ್ಲವು ಎಂಬುದೂ ಇದೆ. 1981ರಲ್ಲಿ ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಮನೋವಿಜ್ಞಾನಿಗಳು 600 ಜನರ ಪ್ರಾಣಕ್ಕೆ ಕುತ್ತಾದ ಕಾಲ್ಪನಿಕ ರೋಗವೊಂದನ್ನು ಮುಂದಿಟ್ಟರು. ಒಂದು ದಾರಿಯಲ್ಲಿ 200 ಜನ ಖಂಡಿತ ಉಳಿಯುತ್ತಾರೆ. ಇನ್ನೊಂದರಲ್ಲಿ ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು, ಯಾರೂ ಉಳಿಯದಿರುವ ಸಾಧ್ಯತೆ ಮೂರರಲ್ಲಿ ಎರಡು. ಶೇ 72 ಜನ ಖಚಿತವಾದ ದಾರಿ ಹಿಡಿದರು. ಅದೇ ಲೆಕ್ಕವನ್ನು ‘400 ಜನ ಸಾಯುತ್ತಾರೆ’ ಎಂಬ ಮಾತಿನಲ್ಲಿ ಇನ್ನೊಂದು ಗುಂಪಿಗೆ ಕೇಳಿದಾಗ ಶೇ 78 ಜನ ಜೂಜಿನ ದಾರಿ ಹಿಡಿದರು. ಜನಮತಗಣನೆಯ ಪತ್ರದಲ್ಲಿ ‘ಉಳಿಯುತ್ತಾರೆ’ ಎಂದು ಬರೆಯಬೇಕೋ ‘ಸಾಯುತ್ತಾರೆ’ ಎಂದು ಬರೆಯಬೇಕೋ ಎಂದು ತೀರ್ಮಾನಿಸುವ ಗುಮಾಸ್ತನೇ ಅಲ್ಲಿ ನಿಜವಾದ ಮತದಾರ.

ಹಾಗಾದರೆ ಮಗು? ಅದರ ಪರ ಎದ್ದ ಕೈಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಳುಗುತ್ತಿರುವವನು ಕಣ್ಣೆದುರಿಗಿದ್ದರೆ ಖರ್ಚಿನ ಲೆಕ್ಕ ಮರೆಯುವುದಕ್ಕೆ ‘ರಕ್ಷಣೆಯ ನಿಯಮ’ ಎಂದು ಹೆಸರಿದೆ, 1986ರಲ್ಲಿ ಆಲ್ಬರ್ಟ್ ಜಾನ್ಸನ್ ಎಂಬ ನೀತಿಶಾಸ್ತ್ರಜ್ಞರು ಇಟ್ಟದ್ದು. ಇದಿಲ್ಲದ ಸಮಾಜದಲ್ಲಿ ಬದುಕಲು ನನಗೂ ಇಷ್ಟವಿಲ್ಲ. ತೊಡಕು ಏನೆಂದರೆ ಲಸಿಕೆ ಸಿಗದೆ ಮುಂದಿನ ವರ್ಷ ಸಾಯಲಿರುವ ಮಗುವಿಗೂ ಒಂದು ಮುಖವಿದೆ, ಅದು ಇನ್ನೂ ಯಾರಿಗೂ ಗೊತ್ತಿಲ್ಲ, ಅದರ ತಾಯಿಗೂ ಗೊತ್ತಿಲ್ಲ. 2012ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪಾಂಪೆ ಎಂಬ ಅಪರೂಪದ ಕಾಯಿಲೆಯ ಔಷಧಕ್ಕೆ, ಅದು ಒಬ್ಬ ರೋಗಿಗೆ ವರ್ಷಕ್ಕೆ ಲಕ್ಷಾಂತರ ಯೂರೋ ತಗಲುತ್ತಿತ್ತು, ವಿಮೆಯ ಹಣ ನಿಲ್ಲಿಸಬಹುದು ಎಂಬ ಕರಡು ಸಲಹೆ ಸೋರಿಕೆಯಾಯಿತು. ರೋಗಿಗಳು ಟಿವಿಯಲ್ಲಿ ಮಾತಾಡಿದರು, ದೇಶ ಕೆರಳಿತು, ಸರ್ಕಾರ ಬೆಲೆ ಇಳಿಸಲು ಕಂಪನಿಗಳೊಂದಿಗೆ ಚೌಕಾಸಿಗೆ ಕೂತಿತು, ಔಷಧ ಮುಂದುವರಿಯಿತು. ಆದರೆ 2010ರಲ್ಲಿ ನಾರ್ವೆಯ ಸಮೀಕ್ಷೆಯೊಂದು, ಎರಡೂ ಕಾಯಿಲೆಗಳ ತೀವ್ರತೆ ಮತ್ತು ಖರ್ಚು ಒಂದೇ ಆದಾಗ ಅಪರೂಪದ್ದಕ್ಕೋ ಸಾಮಾನ್ಯದ್ದಕ್ಕೋ ಎಂದು ಕೇಳಿದಾಗ, ಹೆಚ್ಚಿನವರು ಎರಡೂ ಒಂದೇ ಎಂದಿದ್ದರು. ‘ಅಪರೂಪ’ ಎಂಬುದಕ್ಕೇ ಜನರಲ್ಲಿ ವಿಶೇಷ ಮಮತೆ ಇಲ್ಲ. ಮಮತೆ ಇರುವುದು ಕಣ್ಣಿಗೆ ಕಂಡ ಮುಖಕ್ಕೆ.

ನೀವು ಓದಿದ ಔಷಧ ಬಹುಶಃ ಝೋಲ್ಗೆನ್ಸ್ಮಾ. ಬೆನ್ನುಹುರಿಯ ನರಕೋಶಗಳು ಸೊರಗಿ ಸ್ನಾಯು ಕ್ಷೀಣಿಸುವ ಆನುವಂಶಿಕ ಕಾಯಿಲೆಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಘೋಷಿತ ಬೆಲೆ 21.25 ಲಕ್ಷ ಡಾಲರ್. ಇಂಗ್ಲೆಂಡ್ 2021ರಲ್ಲಿ ಅದನ್ನು ಒಪ್ಪಿಕೊಂಡಿತು. ತೀರಾ ಅಪರೂಪದ ಕಾಯಿಲೆಗಳಿಗೆ ಅಲ್ಲಿ ಬೇರೆಯೇ ಮಿತಿ ಇದೆ, ಕ್ವಾಲಿಗೆ ಒಂದು ಲಕ್ಷದಿಂದ ಮೂರು ಲಕ್ಷ ಪೌಂಡ್‌ವರೆಗೆ. ಆದರೆ ನಿಜವಾಗಿ ಕೊಟ್ಟ ಬೆಲೆ ಗುಟ್ಟು. ರಿಯಾಯಿತಿ ಎಷ್ಟೆಂದು ಹೇಳದಿರುವುದೇ ಒಪ್ಪಂದದ ಷರತ್ತು. ನನಗೆ ಸಿಟ್ಟು ಬರುವುದು ಇಲ್ಲಿ. ಮಗುವೋ ಲಸಿಕೆಯೋ ಎಂದು ನಾವು ನಾವೇ ಜಗಳವಾಡುತ್ತಿರುತ್ತೇವೆ, ತಕ್ಕಡಿಯ ಒಂದು ತಟ್ಟೆಯಲ್ಲಿ ಎಷ್ಟು ತೂಕವಿದೆ ಎಂಬುದನ್ನೇ ಬಟ್ಟೆ ಮುಚ್ಚಿ ಇಟ್ಟಿರುತ್ತಾರೆ.

ಬಾಗಿಲು ಹಾಕಿಕೊಂಡ ಪರಿಣತರ ಬಗ್ಗೆ ನಿಮ್ಮ ದೂರು ಆದ್ದರಿಂದ ಸರಿಯೇ. ಅದಕ್ಕೆ ಮದ್ದು ಜನಮತಗಣನೆ ಅಲ್ಲ ಎಂದಷ್ಟೇ ನನ್ನ ಭಿನ್ನಮತ. ತತ್ವಶಾಸ್ತ್ರಜ್ಞ ನಾರ್ಮನ್ ಡೇನಿಯಲ್ಸ್ ಮತ್ತು ವೈದ್ಯ ಜೇಮ್ಸ್ ಸೇಬಿನ್ 1997ರಲ್ಲಿ ಹೇಳಿದ ಮಾತು ಇಂದಿಗೂ ಕೆಲಸಕ್ಕೆ ಬರುತ್ತದೆ: ತೀರ್ಮಾನವೂ ಕಾರಣವೂ ಬಹಿರಂಗವಾಗಿರಲಿ; ಕಾರಣಗಳು ಸೋತವನೂ ‘ಇದು ಸಂಬಂಧಪಟ್ಟ ಮಾತೇ’ ಎಂದು ಒಪ್ಪುವಂಥವಾಗಿರಲಿ; ಮೇಲ್ಮನವಿಗೂ ಮರುಪರಿಶೀಲನೆಗೂ ದಾರಿಯಿರಲಿ; ಇವೆಲ್ಲ ನಡೆಯುವಂತೆ ನೋಡಿಕೊಳ್ಳುವವರಿರಲಿ. ಇದರೊಳಗೆ ಜನರಿಗೆ ಕೆಲಸವಿದೆ, ಆದರೆ ರೋಗಿಗಳನ್ನು ಆರಿಸುವ ಕೆಲಸವಲ್ಲ. ತೀವ್ರತೆಗೆ ಎಷ್ಟು ತೂಕ, ಸಮಾನತೆಗಾಗಿ ಎಷ್ಟು ಫಲವನ್ನು ಬಿಟ್ಟುಕೊಡಬಹುದು, ಯಾವ ಕಾರಣವನ್ನು ಎಂದಿಗೂ ಎಣಿಸಕೂಡದು ಎಂಬ ತತ್ವಗಳನ್ನು ಹೇಳುವ ಕೆಲಸ. ನೈಸ್ 2002ರಲ್ಲಿ ಮೂವತ್ತು ಸಾಮಾನ್ಯ ನಾಗರಿಕರ ಪರಿಷತ್ತನ್ನು ಕಟ್ಟಿದ್ದು ಇದಕ್ಕೇ. ಒಂದೊಂದು ಪ್ರಶ್ನೆಗೂ ದಿನಗಟ್ಟಲೆ ಕೂತು, ಸಾಕ್ಷಿ ಕೇಳಿ, ವಾದಿಸಿ ವರದಿ ಕೊಡುತ್ತಿದ್ದರು. 2006ರಲ್ಲಿ ಆ ‘ರಕ್ಷಣೆಯ ನಿಯಮ’ವನ್ನೇ ಕೇಳಿದಾಗ, ಕೆಲವು ಅಸಾಧಾರಣ ಸಂದರ್ಭಗಳಲ್ಲಿ ಅದು ಇರಲಿ ಎಂದು ಹೆಚ್ಚಿನವರು ಹೇಳಿದರು. ಸಂಸ್ಥೆ ಒಪ್ಪಲಿಲ್ಲ. ಒಬ್ಬರಿಗೆ ಮಾಡುವ ವಿನಾಯಿತಿಯ ಬೆಲೆಯನ್ನು ಹೆಸರು ಗೊತ್ತಿಲ್ಲದ ಇತರ ರೋಗಿಗಳು ತೆರುತ್ತಾರೆ ಎಂಬ ಕಾರಣವನ್ನು ಬರೆದು ಪ್ರಕಟಿಸಿತು. ಜನರ ಮಾತನ್ನು ತಳ್ಳಿಹಾಕಿದ್ದು ಸರಿಯೋ ತಪ್ಪೋ ಎಂದು ವಾದಿಸಬಹುದು. ವಾದಿಸಲು ಸಾಧ್ಯವಿರುವುದೇ ಕಾರಣವನ್ನು ಬರೆದಿಟ್ಟಿದ್ದರಿಂದ.

ನಿಮ್ಮ ಗುಂಪು ಮತ್ತೆ ಸೇರುವುದಾದರೆ ಒಂದು ಪ್ರಯೋಗ ಮಾಡಿ. ಯುಬೆಲ್ ಅವರ ಪರೀಕ್ಷೆಯ ಪ್ರಶ್ನೆಯಿಂದ ಶುರುಮಾಡಿ, ಆಮೇಲೆ ಮಗು ಮತ್ತು ಲಸಿಕೆ, ಕೊನೆಗೆ ಕುಡುಕ. ಕೈ ಎತ್ತಿಸಬೇಡಿ, ಪ್ರತಿಯೊಬ್ಬರೂ ತಮ್ಮ ತೀರ್ಮಾನದಿಂದ ಸೋಲುವ ವ್ಯಕ್ತಿಗೆ ಹೇಳುವಂತೆ ಒಂದು ವಾಕ್ಯದಲ್ಲಿ ಕಾರಣ ಬರೆಯಲಿ. ಚೀಟಿಗಳನ್ನು ಎತ್ತಿಡಿ, ಎರಡು ವಾರ ಬಿಟ್ಟು ಮತ್ತೆ ಬರೆಸಿ. ಎರಡೂ ಸಲದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದ ಮೇಲೆ ನನಗೊಂದು ಸಾಲು ಬರೆಯಿರಿ, ಅದರಲ್ಲೂ ಕುಡುಕನ ಚೀಟಿಗಳಲ್ಲಿ ಏನಿತ್ತು ಎಂಬುದನ್ನು.